ಐದು ತುಂಬುವುದರೊಳಗೆ

ನನ್ನ ಗಂಡ ಸಿದ್ರಾಜು ನಮ್ಮೂರಿನ ಹೆಸರುವಾಸಿ ಗಾರೆ ಕೆಲಸದವನು. ಪುರಸಭೆಯ ಕಾಂಪೌಂಡು, ಆಸ್ಪತ್ರೆಯ ಮೆಟ್ಟಿಲು, ಮೇಲುಪೇಟೆಯ ಅರ್ಧಕ್ಕರ್ಧ ಮನೆಗಳು ಅವನ ಕೈಯಲ್ಲೇ ಎದ್ದು ನಿಂತವು. ಅಂಥವನು ದಿನಾ ಬೆಳಿಗ್ಗೆ ಎದ್ದು, ಗೂಟಕ್ಕೆ ಸಿಕ್ಕಿಸಿದ ಕರಣೆಯನ್ನು ಕೈಗೆ ತೆಗೆದುಕೊಂಡು, ಆ ಕಡೆ ಈ ಕಡೆ ತಿರುಗಿಸಿ ನೋಡಿ, "ಇದನ್ನ ಯಾವ ಕಡೆಯಿಂದ ಹಿಡ್ಕೊಳ್ಳಾದು?" ಎಂದು ನನ್ನನ್ನು ಕೇಳುತ್ತಾನೆ. ನನಗೇನು ಗೊತ್ತು? ನಾನು ಹೊಲಿಗೆಯವಳು. ಆ ಹೊತ್ತಿಗೆ ನನಗೆ ಸೂಜಿಗೆ ದಾರ ಪೋಣಿಸುವುದೂ ಬರುವುದಿಲ್ಲ.

ನಮ್ಮೂರಿನಲ್ಲಿ ಐದು ವರ್ಷ ತುಂಬುವುದರೊಳಗೆ ಕಲಿತದ್ದು ಸಾಯುವ ತನಕ ಉಳಿಯುತ್ತದೆ. ಆಮೇಲೆ ಕಲಿತದ್ದು ರಾತ್ರಿ ನಿದ್ದೆಯಲ್ಲಿ ಹೋಗಿಬಿಡುತ್ತದೆ. ಹೋಗುವುದು ಕೈಕೆಲಸ ಮಾತ್ರ. ಮುಖ, ಹೆಸರು, ನೆಂಟಸ್ತಿಕೆ, ಯಾರ ಮದುವೆಯಲ್ಲಿ ಯಾರು ಯಾರಿಗೆ ಏನಂದರು ಎನ್ನುವುದೆಲ್ಲ ಯಾರಿಗೂ ಮರೆಯುವುದಿಲ್ಲ. ಅದೂ ಮರೆತಿದ್ದರೆ ಎಷ್ಟೋ ಸಂಸಾರಗಳು ನೆಟ್ಟಗಾಗುತ್ತಿದ್ದವು. ಆದರೆ ನಮ್ಮೂರಿಗೆ ಬೇಕಾದದ್ದು ಉಳಿಯುವುದಿಲ್ಲ, ಬೇಡದ್ದು ಬಿಟ್ಟು ಹೋಗುವುದಿಲ್ಲ.

ಹೀಗಾಗಿ ಬೆಳಿಗ್ಗೆ ಗಂಟೆ ಬಾರಿಸಿದ ಕೂಡಲೇ ಕೆಳಪೇಟೆಯವರೆಲ್ಲ ಗಡಿಯಾರದ ಕಂಬದ ಮುಂದೆ ಸಾಲಾಗಿ ನಿಲ್ಲುತ್ತೇವೆ. ಎದುರಿಗೆ ಹೇಳುಗರು ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಅವರೆಲ್ಲ ಮೇಲುಪೇಟೆಯವರು. "ನೀನು ಇವತ್ತು ಗಾರೆ. ನೀನು ಹೊಲಿಗೆ. ನೀನು ಬೇಕರಿ ಒಲೆ" ಎಂದು ಮೊದಲು ಹೆಸರಿಸಿ, ಆಮೇಲೆ ಇದು ಕರಣೆ, ಹೀಗೆ ಹಿಡಿ, ಇದು ಗಾರೆ, ಇಷ್ಟು ನೀರು ಎಂದು ಹೇಳಿಕೊಡುತ್ತಾರೆ. ಕೈಗೆ ಬೇಗ ಹತ್ತುತ್ತದೆ. ಮಧ್ಯಾಹ್ನದ ಹೊತ್ತಿಗೆ ಸಿದ್ರಾಜು ಮಹಾ ಕಸುಬುದಾರ. ಸಂಜೆ ಸೊಂಟದ ಮೇಲೆ ಕೈಯಿಟ್ಟುಕೊಂಡು ಬಂದು, "ಇವತ್ತು ಎಬ್ಬಿಸಿದ ಗೋಡೆ ನೋಡ್ಬೇಕಿತ್ತು ನೀನು" ಎನ್ನುತ್ತಾನೆ. "ಹಂಗಾದ್ರೆ ಮಲಗಬ್ಯಾಡ" ಎನ್ನುತ್ತೇನೆ ನಾನು. ಅವನಿಗೆ ಕೋಪ ಬರುತ್ತದೆ. ಆದರೂ ಮಲಗುತ್ತಾನೆ.

ಒಂದು ದಿನ ಹೇಳುಗನಿಗೆ ಸಿದ್ರಾಜುವಿನ ಮೇಲೆ ಯಾವುದೋ ಸಣ್ಣ ಸಿಟ್ಟಿತ್ತು. "ನೀನು ಇವತ್ತು ಮೂಟೆ" ಎಂದ. ಅವತ್ತಿನಿಂದ ಒಂದು ಇಡೀ ಬೇಸಿಗೆ ಅವನು ಮೂಟೆ ಹೊತ್ತ. ತಾನು ಗಾರೆಯವನು ಎಂದು ಅವನಿಗೆ ನೆನಪಿತ್ತು, ಊರಿಗೂ ನೆನಪಿತ್ತು. ಆದರೆ ಕೈಗೆ ನೆನಪಿರಲಿಲ್ಲವಲ್ಲ, ಏನೆಂದು ವಾದ ಮಾಡುತ್ತಾನೆ?

ಮೇಲುಪೇಟೆಯವರು ಸಾಲಿನಲ್ಲಿ ನಿಲ್ಲುವುದಿಲ್ಲ. ಅವರ ಮಕ್ಕಳಿಗೆ ಶಿಶುವಿಹಾರ ಇದೆ. ಹಾಲು ಬಿಟ್ಟ ಮೇಲೆ ಅಲ್ಲಿಗೆ ಹೋದರೆ ಐದು ತುಂಬುವ ತನಕ ಅಲ್ಲೇ. ಅಲ್ಲಿಂದ ಬಂದವರು ಮುಂದೆ ಡಾಕ್ಟರೋ ಇಂಜಿನಿಯರೋ ಏನಾದರೂ ಆಗುತ್ತಾರೆ, ಆಗದವರು ಹೇಳುಗರಾಗುತ್ತಾರೆ. ಐದರ ನಂತರ ಓದಿದ್ದು ಅವರಿಗೆ ಮಾತ್ರ ಹೇಗೆ ನಿಲ್ಲುತ್ತದೆ ಎಂದು ನಮ್ಮಲ್ಲಿ ಎಲ್ಲರೂ ತಲೆ ಕೆಡಿಸಿಕೊಂಡವರೇ. ಅಲ್ಲಿ ಏನನ್ನೋ ಮೊದಲೇ ಒಳಗೆ ಹಾಕಿ ಕಳಿಸುತ್ತಾರೆ, ಅದರ ಮೇಲೆ ಮಿಕ್ಕದ್ದೆಲ್ಲ ಅಂಟಿಕೊಳ್ಳುತ್ತದೆ ಎಂದಷ್ಟೇ ನಮಗೆ ಗೊತ್ತಿತ್ತು. ಆ ಏನೋ ಯಾವುದು ಎಂದು ಗೊತ್ತಿರಲಿಲ್ಲ.

ಕೆಳಪೇಟೆಯ ಮಕ್ಕಳು ಅಜ್ಜಿಯಂದಿರ ಕೈಯಲ್ಲಿ ಬೆಳೆಯುತ್ತವೆ. ಅಪ್ಪ ಅಮ್ಮ ಹಗಲೆಲ್ಲ ಕೆಲಸದ ಮೇಲೆ. ಸಂಜೆ ಬರುವಾಗ ನಮಗೆ ಕೆಲಸ ಗೊತ್ತಿರುತ್ತದೆ, ಆದರೆ ಆ ಹೊತ್ತಿಗೆ ಮಕ್ಕಳಿಗೆ ನಿದ್ದೆ. ಬೆಳಿಗ್ಗೆ ಮಕ್ಕಳು ಎದ್ದಿರುತ್ತವೆ, ನಮ್ಮ ಕೈ ಖಾಲಿ. ನನಗೆ ನನ್ನಜ್ಜಿಯಿಂದ ಬಂದದ್ದು ಅವರೆಕಾಯಿ ಸುಲಿಯುವುದು, ಹಸುಗೂಸನ್ನು ಸೊಂಟಕ್ಕೆ ಏರಿಸಿಕೊಳ್ಳುವುದು, ಮತ್ತೆ ಈ ಬಾಯಿ. ಅಜ್ಜಿ ಹಗಲೆಲ್ಲ ಜಗಲಿಯ ಮೇಲೆ ಕೂತು ದಾರಿಯಲ್ಲಿ ಹೋಗುವವರನ್ನೆಲ್ಲ ಮಾತನಾಡಿಸುತ್ತಿದ್ದಳು, ಹೋದ ಮೇಲೆ ಅವರ ಕಥೆ ನನಗೆ ಹೇಳುತ್ತಿದ್ದಳು. ಅದಕ್ಕೇ ಇದನ್ನು ಹೇಳಲು ನನಗೆ ಯಾವ ಹೇಳುಗನೂ ಬೇಕಾಗಿಲ್ಲ.

ಮದುವೆಯಾಗಿ ಬಹಳ ಕಾಲದ ಮೇಲೆ ನಮಗೆ ಮಗಳು ಹುಟ್ಟಿದಳು. ಹೆಸರು ಸಂಪಿಗೆ, ಕರೆಯುವುದು ಸಂಪಿ. ಎದೆಗೆ ಹಾಕಿಕೊಂಡಾಗಲೂ ನನಗಿದ್ದ ಚಿಂತೆ ಒಂದೇ. ಐದು ತುಂಬುವುದರೊಳಗೆ ಇವಳಿಗೆ ಏನಾದರೂ ಕೊಡಿಸಬೇಕು, ಇವಳು ಆ ಕಂಬದ ಮುಂದೆ ನಿಲ್ಲಬಾರದು. ಸಿದ್ರಾಜುವಿಗೂ ಅದೇ ಆಸೆ. ಒಂದು ಸಂಜೆ ಅವನು ತೊಟ್ಟಿಲಲ್ಲಿದ್ದ ಕೂಸಿನ ಕೈಗೆ ಕರಣೆ ಹಿಡಿಸಲು ಹೋಗಿ, ಅದು ಮೂಗಿಗೆ ಬಡಿದುಕೊಂಡು ರಂಪವಾಯಿತು. "ಮುಂಚೆ ಹಲ್ಲಾದ್ರೂ ಬರ್ಲಿ" ಎಂದೆ. ಇಬ್ಬರೂ ನಕ್ಕೆವು. ಆಗ ನಗಬಹುದಾಗಿತ್ತು.

ಶಿಶುವಿಹಾರದ ಒಳಗನ್ನು ನಾನು ನೋಡಿದ್ದು ಕಿಟಕಿ ಪರದೆ ಕೊಡಲು ಹೋದಾಗ. ಸಂಪಿ ಆಗಷ್ಟೇ ಪುಟ್ಟ ಹೆಜ್ಜೆ ಇಡುತ್ತಿದ್ದಳು. ಅಂಗಳದಲ್ಲಿ ಮಕ್ಕಳು ಚೆಲ್ಲಾಪಿಲ್ಲಿಯಾಗಿದ್ದವು. ಒಂದು ಹುಡುಗಿ ತೊಟ್ಟಿಯ ನೀರನ್ನು ದೊಡ್ಡ ಲೋಟದಿಂದ ಚಿಕ್ಕ ಲೋಟಕ್ಕೆ, ಚಿಕ್ಕದರಿಂದ ದೊಡ್ಡದಕ್ಕೆ ಸುರಿಯುತ್ತಲೇ ಇದ್ದಳು. ಲಂಗವೆಲ್ಲ ಒದ್ದೆ. ಒಬ್ಬ ಹುಡುಗ ಹೊಟ್ಟೆಯ ಮೇಲೆ ಮಲಗಿ ಇರುವೆ ನೋಡುತ್ತಿದ್ದ. ಪಕ್ಕದಲ್ಲಿ ಒಬ್ಬ ಟೀಚರಮ್ಮ, ವಯಸ್ಸಿಗೆ ಬಂದ ಹೆಣ್ಣುಮಗಳು, ಅವಳೂ ಹೊಟ್ಟೆಯ ಮೇಲೆ ಮಲಗಿ ಇರುವೆ ನೋಡುತ್ತಿದ್ದಳು. ಇನ್ನೊಂದು ಮಗು ಅಂಗಿಯನ್ನು ಹಿಂದುಮುಂದಾಗಿ ಹಾಕಿಕೊಂಡು ಒದ್ದಾಡುತ್ತಿತ್ತು, ಯಾರೂ ಸರಿಮಾಡಲಿಲ್ಲ. ಅಲ್ಲಿ ಯಾರೂ ಯಾರಿಗೂ ಏನೂ ಹೇಳಿಕೊಡುತ್ತಿರಲಿಲ್ಲ. ನಾನು ಪರದೆ ಕೊಟ್ಟು, ನಗು ತಡೆದುಕೊಂಡು ಹೊರಗೆ ಬಂದೆ.

ನಲ್ಲಿಯ ಹತ್ತಿರ ಇದನ್ನು ಹೇಳಿದಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು. ಪಕ್ಕದ ಮನೆಯ ಹೊಂಬಾಳಮ್ಮ ಮಾತ್ರ ನಗಲಿಲ್ಲ. ಅವಳು ನಮ್ಮ ಬೀದಿಯ ಹಿರಿಯಳು, ಮಕ್ಕಳನ್ನು ನೋಡಿಕೊಳ್ಳುವವಳು. "ನಿನ್ ಕಣ್ಣಿಗೆ ಮಣ್ಣಾಟ ತೋರ್ಸವ್ರೆ ಕಣೆ ನಿಂಗಾಜಿ. ಒಳಗೆ ಒಂದು ಕ್ವಾಣೆ ಇರ್ತದೆ. ಬಾಗ್ಲು ಹಾಕ್ಕಂಡು ಅಸಲಿ ಪಾಠ ಅಲ್ ಹೇಳ್ತಾರೆ. ಇಲ್ದಿದ್ರೆ ನೀರು ಸುರುದ್ರೆ ಡಾಕುಟ್ರಾಯ್ತಾರಾ?" ಎಂದಳು. ಎಲ್ಲರ ನಗು ನಿಂತಿತು. ಹೌದಲ್ಲ ಎಂದುಕೊಂಡೆವು. ಆ ದಿನದಿಂದ ಕೆಳಪೇಟೆಯಲ್ಲಿ ಆ ಒಳಕೋಣೆಯದೇ ಮಾತು. ಅದನ್ನು ಕಂಡವರೂ ಹುಟ್ಟಿಕೊಂಡರು.

ಸಂಪಿಗೆ ಮಾತು ಬಂದ ಮೇಲೆ ಅವಳನ್ನು ಎತ್ತಿಕೊಂಡು ಶಿಶುವಿಹಾರಕ್ಕೆ ಹೋದೆ. ಅಲ್ಲಿನ ಹಿರಿಯ ಟೀಚರು ವಿಮಲಾಬಾಯಿ, ತಲೆ ನರೆತವರು, ನನ್ನನ್ನು ಬೆಂಚಿನ ಮೇಲೆ ಕೂರಿಸಿ ನೀರು ಕೊಟ್ಟರು. ಮಗುವನ್ನು ಸೇರಿಸಿಕೊಳ್ಳಿ ಎಂದದ್ದಕ್ಕೆ ಇಲ್ಲ ಎಂದು ತಲೆಯಾಡಿಸಿದರು.

"ಜಾಗ ಇರೋದೇ ಇಷ್ಟು ನಿಂಗಾಜಮ್ಮ. ಇದಕ್ಕಿಂತ ಹೆಚ್ಚು ತಗೊಂಡ್ರೆ ಮಕ್ಕಳನ್ನ ಎಣಿಸಬಹುದು ಅಷ್ಟೆ, ನೋಡಕ್ಕಾಗಲ್ಲ."

"ನನ್ ಮಗೀನ ಯಾರೂ ನೋಡಾದು ಬ್ಯಾಡ ಅಮ್ಮಾರೆ. ಒಂದು ಮೂಲೇಲಿ ಕೂರ್ಸಿ ಸಾಕು. ಬೇರೇರ್ಗೆ ಹೇಳಿದ್ದನ್ನೇ ಕೇಳ್ಸ್ಕತಾಳೆ."

"ಮೂಲೇಲಿ ಕೂರಿಸಿದ್ರೆ ಮೂಲೇಲಿ ಕೂರೋದನ್ನೇ ಕಲಿತುಬಿಡ್ತಾಳಮ್ಮ. ಆಮೇಲೆ ಅದು ಹೋಗಲ್ಲ."

ಓದಿದವರು ಇಲ್ಲ ಎನ್ನುವುದನ್ನೂ ಹೂವು ಮುಡಿಸಿದ ಹಾಗೆ ಹೇಳುತ್ತಾರೆ ಎಂದುಕೊಂಡು ಎದ್ದು ಬಂದೆ. ಅದೇ ವಾರ ಪುರಸಭೆ ಅಧ್ಯಕ್ಷರ ಅಕ್ಕನ ಮೊಮ್ಮಗ, ಬೇರೆ ಊರಿನಿಂದ ಬಂದವನು, ಅಲ್ಲಿಗೆ ಸೇರಿದ. ಅವನಿಗೆ ಜಾಗ ಎಲ್ಲಿಂದ ಹುಟ್ಟಿತು ಎಂದು ನಾನು ಬೀದಿಯಲ್ಲಿ ನಿಂತು ಕೇಳಿದೆ. ನನ್ನ ಬಾಯಿ ಅಜ್ಜಿ ಕೊಟ್ಟದ್ದು, ನಿದ್ದೆಯಲ್ಲಿ ಹೋಗುವಂಥದ್ದಲ್ಲ. ಮಾರನೆಯ ದಿನವೂ ಕೇಳಿದೆ. ಅದರ ಮಾರನೆಯ ದಿನ ನನ್ನ ಜೊತೆ ಎಳೆಯ ಮಕ್ಕಳ ತಾಯಂದಿರೆಲ್ಲ ನಿಂತು ಕೇಳಿದರು.

ಆಮೇಲೆ ಒಂದು ಬೆಳಿಗ್ಗೆ ಗಂಟೆ ಬಾರಿಸಿತು, ನಾವು ಹೆಂಗಸರು ಯಾರೂ ಸಾಲಿಗೆ ಹೋಗಲಿಲ್ಲ. ಗಂಡಸರು ಮೊದಲು ಹೆದರಿದರು, ಆಮೇಲೆ ಒಂದು ದಿನ ಮಲಗಬಹುದಲ್ಲ ಎಂದು ಅವರೂ ಸೇರಿದರು. ನಾವೇನೂ ಕೂಗಲಿಲ್ಲ, ಕಲ್ಲೆಸೆಯಲಿಲ್ಲ. ಸುಮ್ಮನೆ ಏನೂ ಬಾರದವರಾಗಿ ಜಗಲಿಯ ಮೇಲೆ ಕೂತೆವು. ಬೇಕರಿ ಒಲೆ ಹೊತ್ತಲಿಲ್ಲ. ಮೇಲುಪೇಟೆಯ ಮದುವೆ ಮನೆಗಳಲ್ಲಿ ರವಿಕೆಗಳು ಕತ್ತರಿಸಿದ ಹಾಗೇ ಬಿದ್ದಿದ್ದವು. ದಿನಗಳು ಕಳೆದಂತೆ ಕಕ್ಕಸಿನ ಗುಂಡಿಗಳು ತುಂಬಿ ವಾಸನೆ ಎದ್ದಿತು. ಹೇಳುಗರು ಖಾಲಿ ಬಯಲಿನ ಮುಂದೆ ಕುರ್ಚಿ ಹಾಕಿಕೊಂಡು ಸಂಜೆ ತನಕ ಕೂತಿದ್ದರಂತೆ. ಎಲ್ಲ ಕೆಲಸ ಹೇಳಬಲ್ಲವರು, ಒಂದನ್ನೂ ಮಾಡಿ ಅಭ್ಯಾಸವಿಲ್ಲದವರು. ನಾನು ಜೀವನದಲ್ಲಿ ಅಷ್ಟು ಖುಷಿಪಟ್ಟದ್ದು ಆ ದಿನಗಳಲ್ಲೇ.

ಅಧ್ಯಕ್ಷ ಪರ್ವತಪ್ಪನವರು ಬಿಳಿ ಕಾರಿನಲ್ಲಿ ಬಂದು ನೀರಿನ ಟ್ಯಾಂಕಿನ ಕೆಳಗೆ ಸಭೆ ಮಾಡಿದರು. "ತಾಯಂದಿರೇ, ನೀವು ಕೇಳಿದ್ದು ನ್ಯಾಯ. ಮಕ್ಕಳು ಯಾರದಾದರೇನು, ಮಕ್ಕಳೇ. ಕೆಳಪೇಟೆಗೂ ಒಂದು ಶಿಶುವಿಹಾರ ಕಟ್ಟಿಸಿಕೊಡೋಣ. ಒಂದು ಮಗುವೂ ಹೊರಗುಳಿಯಬಾರದು" ಎಂದರು. ಅಷ್ಟು ಬೇಗ ಒಪ್ಪುತ್ತಾರೆಂದು ನಾವು ಎಣಿಸಿರಲಿಲ್ಲ. ವಾದ ಮಾಡಲು ಕಟ್ಟಿಕೊಂಡು ಹೋಗಿದ್ದ ಮಾತೆಲ್ಲ ದಂಡವಾಯಿತು.

ಪಾಠ ಯಾರು ಮಾಡಬೇಕು ಎನ್ನುವ ಪ್ರಶ್ನೆ ಬಂತು. ವಿಮಲಾಬಾಯಿಯವರು ಆ ದಿನ ಸಭೆಗೆ ಬಂದಿದ್ದರು. "ನಮ್ಮಲ್ಲಿ ಸುಗುಣ ಇದ್ದಾಳೆ. ಅವಳನ್ನ ಕಳಿಸ್ತೀನಿ. ಜೊತೆಗೆ ಇನ್ನೊಬ್ಬಳು ಬೇಕಾಗುತ್ತೆ, ಮಕ್ಕಳು ಜಾಸ್ತಿ ಆದ್ರೆ ಮತ್ತೊಬ್ಬಳು" ಎಂದರು. ಸುಗುಣ ಎಂದರೆ ಆವತ್ತು ಹೊಟ್ಟೆಯ ಮೇಲೆ ಮಲಗಿ ಇರುವೆ ನೋಡುತ್ತಿದ್ದವಳು. ಅವಳು ಸಭೆಯ ಮಧ್ಯದಲ್ಲೇ ಸಂಪಿಯ ಪಕ್ಕ ನೆಲದ ಮೇಲೆ ಕೂತುಬಿಟ್ಟಿದ್ದಳು. ಸಂಪಿ ಮಣ್ಣಿನಲ್ಲಿ ಬೆರಳಾಡಿಸುತ್ತಿದ್ದರೆ ಅವಳೂ ಮಣ್ಣಿನಲ್ಲಿ ಬೆರಳಾಡಿಸುತ್ತಿದ್ದಳು. ಜನ ಮುಸಿಮುಸಿ ನಕ್ಕರು.

ಅಧ್ಯಕ್ಷರು ನಮ್ಮ ಕಡೆ ತಿರುಗಿದರು. "ಈ ಹುಡುಗಿ ಆಗಬಹುದಾ? ಇಲ್ಲ, ನಿಮಗೆ ಚೆನ್ನಾಗಿ ಗೊತ್ತಿರೋ ನರಸೋಜಿಯವರು ಇದ್ದಾರೆ. ನೀವೇ ಹೇಳಿ. ನಿಮ್ಮ ಮಕ್ಕಳು, ನಿಮ್ಮ ಇಷ್ಟ."

ನರಸೋಜಿಯವರು ಹೇಳುಗರಲ್ಲೇ ಒಳ್ಳೆಯವರು. ಯಾರನ್ನೂ ಒಂದು ದಿನ ಗದರಿದವರಲ್ಲ. ಒಮ್ಮೆ ಹೇಳಿದರೆ ಎಂಥ ದಡ್ಡನ ಕೈಗೂ ಕೆಲಸ ಹತ್ತುತ್ತಿತ್ತು. ಅವರ ಕುರ್ಚಿಯ ಸಾಲಿನಲ್ಲಿ ನಿಲ್ಲಲು ನಾವು ನೂಕಾಡುತ್ತಿದ್ದೆವು. ಕಲಿಸುವುದು ಎಂದರೆ ನಮಗೆ ಗೊತ್ತಿದ್ದದ್ದು ಅದೊಂದೇ ಬಗೆ, ಆ ಬಗೆಯಲ್ಲಿ ಅವರಿಗಿಂತ ದೊಡ್ಡವರಿರಲಿಲ್ಲ. ಇಡೀ ಸಭೆ ಒಂದೇ ಬಾಯಲ್ಲಿ ನರಸೋಜಿಯವರೇ ಬೇಕು ಎಂದಿತು. ಆ ಬಾಯಿಯಲ್ಲಿ ನನ್ನದೂ ಇತ್ತು. ಮಣ್ಣಾಡುವ ಹುಡುಗಿಯನ್ನು ನಮ್ಮ ತಲೆಗೆ ಕಟ್ಟಿ ಅಸಲಿ ಪಾಠವನ್ನು ಅವರೇ ಇಟ್ಟುಕೊಳ್ಳಲು ನೋಡುತ್ತಿದ್ದಾರೆ ಎಂದು ಹೊಂಬಾಳಮ್ಮ ಹಿಂದಿನಿಂದ ಕೂಗಿದಳು. ವಿಮಲಾಬಾಯಿಯವರು ಏನೋ ಹೇಳಲು ಎದ್ದರು. ಅಧ್ಯಕ್ಷರು, "ಜನ ತೀರ್ಮಾನ ಮಾಡಿದ್ದಾರೆ ಮೇಡಂ" ಎಂದು ಅವರನ್ನು ಕೂರಿಸಿದರು. ಅವರು ಕೂತುಕೊಂಡರು. ನಮ್ಮ ಉತ್ತರ ಏನಿರುತ್ತದೆ ಎಂದು ಅಧ್ಯಕ್ಷರಿಗೆ ಕಾರು ಹತ್ತುವಾಗಲೇ ಗೊತ್ತಿತ್ತು ಎಂದು ನಾನು ಈಗ ಪ್ರಮಾಣ ಮಾಡಿ ಹೇಳಬಲ್ಲೆ.

ಕಟ್ಟಡ ಬೇಗ ಎದ್ದಿತು. ಗೋಡೆ ಕಟ್ಟಿದವರಲ್ಲಿ ಸಿದ್ರಾಜುವೂ ಒಬ್ಬ. ದಿನಾ ಬೆಳಿಗ್ಗೆ ಕರಣೆ ಹಿಡಿಯುವುದನ್ನು ಹೊಸದಾಗಿ ಕಲಿತು, ಮಗಳ ಶಾಲೆ ಎಂದು ಬೇರೆಲ್ಲೂ ಇಲ್ಲದ ನಯ ಅದಕ್ಕೆ ಮಾಡಿದ. ಹಳದಿ ಬಣ್ಣ ಹೊಡೆದರು. ಗೋಡೆಯ ಮೇಲೆ ನವಿಲು, ಮೊಲ, ರೈಲು ಬರೆಸಿದರು. ಟೇಪು ಕತ್ತರಿಸಿದ ದಿನ ಎಲ್ಲರಿಗೂ ಲಾಡು. ಅಧ್ಯಕ್ಷರು ಮಕ್ಕಳ ತಲೆ ಸವರುತ್ತಾ ಹೋದರು, ಫೋಟೊ ತೆಗೆದರು. ಸಂಪಿಗೆ ನಾನೇ ಸಮವಸ್ತ್ರ ಹೊಲಿದಿದ್ದೆ. ನೀಲಿ ಲಂಗ, ಬಿಳಿ ರವಿಕೆ. ಅವಳನ್ನು ಬಾಗಿಲಲ್ಲಿ ಬಿಟ್ಟು ಬರುವಾಗ ನಾನು ಅತ್ತೆ. ಅದು ಸಂತೋಷದ ಅಳು ಎಂದು ಎಲ್ಲರೂ ಅಂದರು, ನಾನೂ ಹಾಗೇ ಅಂದುಕೊಂಡೆ.

ನಮ್ಮ ಶಿಶುವಿಹಾರದಲ್ಲಿ ಸದ್ದೇ ಇರುತ್ತಿರಲಿಲ್ಲ. ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಅಷ್ಟು ಮಕ್ಕಳು, ಅಷ್ಟು ಸಣ್ಣವು, ಗೆರೆ ಎಳೆದ ಹಾಗೆ ಕೂತಿರುತ್ತಿದ್ದವು. ನರಸೋಜಿಯವರು ಏಳಿ ಎಂದರೆ ಏಳುತ್ತಿದ್ದವು, ಕೂರಿ ಎಂದರೆ ಕೂರುತ್ತಿದ್ದವು. ಮೇಲುಪೇಟೆಯ ಅಂಗಳದ ಆ ಗಲಾಟೆಗೂ ಇದಕ್ಕೂ ಎಲ್ಲಿಂದೆಲ್ಲಿಗೆ ಎಂದು ನಾವು ಎದೆಯುಬ್ಬಿಸಿಕೊಂಡು ಓಡಾಡಿದೆವು. ಸಂಪಿ ಮನೆಗೆ ಬಂದರೆ ಚಪ್ಪಲಿ ನೇರ ಇಡುತ್ತಿದ್ದಳು. ಕೈ ಕಟ್ಟಿಕೊಂಡು ನಿಲ್ಲುತ್ತಿದ್ದಳು. ತಟ್ಟೆ ಮುಂದಿಟ್ಟರೆ ಉಣ್ಣು ಎನ್ನುವ ತನಕ ಮುಟ್ಟುತ್ತಿರಲಿಲ್ಲ. ಬೀದಿಯವರೆಲ್ಲ ತಮ್ಮ ತಮ್ಮ ಮಕ್ಕಳ ಇಂಥದ್ದೇ ಗುಣಗಳನ್ನು ನಲ್ಲಿಯ ಹತ್ತಿರ ಹೇಳಿಕೊಳ್ಳುತ್ತಿದ್ದರು. ನಾನು ಒಂದು ಕೈ ಹೆಚ್ಚೇ ಹೇಳಿಕೊಂಡೆ.

ಒಂದು ಭಾನುವಾರ ಒಲೆಯ ಮೇಲೆ ಹಾಲಿಟ್ಟು ಹಿತ್ತಲಿಗೆ ಹೋಗಿದ್ದೆ. ವಾಸನೆ ಬಂದು ಓಡಿ ಬಂದರೆ ಹಾಲು ಉಕ್ಕಿ, ಒಲೆ ಆರಿ, ನೆಲದ ಮೇಲೆಲ್ಲ ಹರಿಯುತ್ತಿತ್ತು. ಸಂಪಿ ಪಕ್ಕದಲ್ಲೇ ನಿಂತು ನೋಡುತ್ತಿದ್ದಳು. ಬಿಸಿ ಹಾಲು ಅವಳ ಹೆಬ್ಬೆರಳಿಗೆ ತಾಗುವಷ್ಟು ಹತ್ತಿರ ಬಂದಿತ್ತು, ಕಾಲು ಹಿಂದೆ ತೆಗೆದಿರಲಿಲ್ಲ. ಅವಳನ್ನು ಎಳೆದುಕೊಂಡೆ.

"ಹಾಲು ಉಕ್ತಾ ಅದೆ ಅಂತ ಒಂದ್ ಕೂಗು ಕೂಗ್ಬಾರ್ದಾ ಮಗ?"

"ಕೂಗು ಅಂತ ನೀನು ಹೇಳಿರ್ಲಿಲ್ಲ" ಎಂದಳು. ಹೆದರಿಕೆ ಇರಲಿಲ್ಲ, ಮೊಂಡುತನವೂ ಇರಲಿಲ್ಲ. ಇದ್ದದ್ದನ್ನು ಹೇಳಿದಳು ಅಷ್ಟೆ.

ಆ ದಿನವೆಲ್ಲ ಅವಳನ್ನು ನೋಡುತ್ತ ಕೂತೆ. ಏನೂ ಹೇಳಬಾರದು ಎಂದು ನನ್ನ ಬಾಯಿಯನ್ನು ನಾನೇ ಕಟ್ಟಿಹಾಕಿಕೊಂಡೆ, ಅದು ನನಗೆ ಎಂಥ ಕಷ್ಟ ಎಂದು ನನ್ನನ್ನು ಬಲ್ಲವರಿಗೆ ಗೊತ್ತು. ಅವಳು ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಳು. ಎದುರಿಗೆ ಹುಣಿಸೆಬೀಜದ ಡಬ್ಬಿ ಇತ್ತು. ಮೊದಲು ಅದನ್ನು ದಿನಕ್ಕೆ ಹತ್ತು ಸಲ ಚೆಲ್ಲಿ ನನ್ನ ಕೈಯಲ್ಲಿ ಬೈಸಿಕೊಳ್ಳುತ್ತಿದ್ದವಳು ಈಗ ಅದನ್ನು ನೋಡಿದಳು, ನನ್ನನ್ನು ನೋಡಿದಳು, ಸುಮ್ಮನಾದಳು. ನೊಣವೊಂದು ಕೆನ್ನೆಯ ಮೇಲೆ ಕೂತು ಹೋಯಿತು.

ಮಾರನೆಯ ದಿನ ಕೆಲಸ ತಪ್ಪಿಸಿ ಶಿಶುವಿಹಾರಕ್ಕೆ ಹೋದೆ. ನರಸೋಜಿಯವರು ನನಗೆ ಕುರ್ಚಿ ಹಾಕಿಸಿದರು. ಹೇಳುಗರ ಎದುರು ಕುರ್ಚಿಯಲ್ಲಿ ಕೂತದ್ದು ಅದೇ ಮೊದಲು. ಹಾಲಿನ ವಿಷಯ ಹೇಳಿದೆ. ಅವರು ಗಮನವಿಟ್ಟು ಕೇಳಿ, ತೃಪ್ತಿಯಿಂದ ತಲೆದೂಗಿದರು.

"ಚೆನ್ನಾಗಿ ಹಿಡಿದಿದೆ ಹಾಗಾದ್ರೆ. ಸಂಪಿಗೆ ಚುರುಕು."

"ಏನ್ ಹಿಡ್ದದೆ ಸ್ವಾಮಿ? ನೀವು ಇವ್ರಿಗೆ ಏನ್ ಕಲಿಸ್ತಿದ್ದೀರಿ?"

"ಹೇಳಿದ್ದನ್ನ ಕೇಳೋದು. ಅದೊಂದೇ ಸಾಕಮ್ಮ. ನಿನಗೇ ಗೊತ್ತಲ್ಲ, ಸಾಲಿನಲ್ಲಿ ಎಷ್ಟು ಹೊತ್ತು ಹಾಳಾಗುತ್ತೆ. ಒಬ್ಬ ಆಕಳಿಸ್ತಾನೆ, ಒಬ್ಬ ಯಾಕೆ ಅಂತಾನೆ, ನಿನ್ನಂಥೋರು ಎದುರು ಮಾತಾಡ್ತಾರೆ. ಈ ಮಕ್ಕಳಿಗೆ ಆ ಕಷ್ಟ ಇರಲ್ಲ. ಹೇಳಿದ ತಕ್ಷಣ ಕೈಗೆ ಹತ್ತುತ್ತೆ."

"ಕೆಲಸ ಕಲಿಸಲ್ವ? ಓದು? ಲೆಕ್ಕ?"

"ಅದನ್ನೆಲ್ಲ ದೊಡ್ಡೋರಾದ ಮೇಲೆ ದಿನಾ ಬೆಳಿಗ್ಗೆ ಹೇಳ್ತಾರಲ್ಲ" ಎಂದರು ನರಸೋಜಿ. ನನ್ನ ಮುಖ ನೋಡಿ ಅವರಿಗೆ ನಿಜವಾಗಿ ಆಶ್ಚರ್ಯವಾಗಿತ್ತು. "ನಾನು ನಿಮಗೆಲ್ಲ ಮಾಡಿದ್ದನ್ನೇ ಇವರಿಗೂ ಮಾಡ್ತಿದ್ದೀನಿ ನಿಂಗಾಜಮ್ಮ. ನೀವೇ ತಾನೇ ಕರೆದದ್ದು?"

ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಕೆಟ್ಟವರಾಗಿದ್ದರೆ ಸುಲಭವಾಗುತ್ತಿತ್ತು. ಸಂಪಿಯ ಕೈ ಹಿಡಿದುಕೊಂಡು ಅಲ್ಲಿಂದ ನೇರ ಮೇಲುಪೇಟೆಗೆ ನಡೆದೆ. ಐದು ತುಂಬಲು ಇನ್ನೂ ಸ್ವಲ್ಪ ಕಾಲವಿತ್ತು. ಆ ಸ್ವಲ್ಪದಲ್ಲೇ ಏನಾದರೂ ಆಗಬೇಕಿತ್ತು. ಗೇಟಿನ ಒಳಗೆ ನುಗ್ಗಿ, ಯಾರನ್ನೂ ಕೇಳದೆ, ವಿಮಲಾಬಾಯಿಯವರ ಮುಂದೆ ಮಗುವನ್ನು ನಿಲ್ಲಿಸಿದೆ. ಅವರು ಈ ಸಲ ಜಾಗದ ಮಾತೆತ್ತಲಿಲ್ಲ. ಸಂಪಿಯನ್ನು ನೀರಿನ ತೊಟ್ಟಿಯ ಹತ್ತಿರ ಬಿಟ್ಟು, ಲೋಟಗಳನ್ನು ಪಕ್ಕದಲ್ಲಿಟ್ಟು, ದೂರ ಬಂದು ನನ್ನ ಜೊತೆ ಮೆಟ್ಟಿಲ ಮೇಲೆ ಕೂತರು. "ಏನೂ ಹೇಳಬೇಡಿ" ಎಂದರು ನನಗೆ.

ಸಂಪಿ ತೊಟ್ಟಿಯ ಮುಂದೆ ಕೈಕಟ್ಟಿ ನಿಂತಳು. ಪಕ್ಕದಲ್ಲಿ ಮೇಲುಪೇಟೆಯ ಮಕ್ಕಳು ನೀರೆರಚಾಡುತ್ತಿದ್ದವು. ಒಂದು ಹನಿ ಮೈಮೇಲೆ ಬಿದ್ದರೆ ಬೇರೆ ಮಕ್ಕಳು ಕಿರುಚುತ್ತವೆ, ಓಡುತ್ತವೆ, ತಿರುಗಿ ಎರಚುತ್ತವೆ. ಇವಳು ಒದ್ದೆಯಾಗುತ್ತ ನಿಂತಿದ್ದಳು. ಸುಗುಣ ಬಂದು ನೆಲದ ಮೇಲೆ ಕೂತು, ಒಂದು ಲೋಟದ ನೀರನ್ನು ಇನ್ನೊಂದಕ್ಕೆ ಸುರಿದು, ಅದನ್ನು ಇವಳ ಕೈಗೆ ಎಟುಕುವಂತೆ ಇಟ್ಟು ಕಾದಳು. ನಾನೂ ಕಾದೆ. ಮುಟ್ಟು, ಮುಟ್ಟು, ಚೆಲ್ಲು, ಒಡೆದುಹಾಕು ಎಂದು ಒಳಗೇ ಕೂಗಿಕೊಂಡೆ. ಆವತ್ತು ನಾನು ನೋಡಿ ನಕ್ಕಿದ್ದೇ ಆ ಅಸಲಿ ಪಾಠ, ಒಳಕೋಣೆ ಎಂಬುದು ಇರಲೇ ಇಲ್ಲ ಎಂದು ಆ ಮೆಟ್ಟಿಲ ಮೇಲೆ ಕೂತಾಗ ನನಗೆ ತಿಳಿಯಿತು. ಹೀಗೆ ಬೇಕು, ಹಾಗೆ ಮಾಡುತ್ತೇನೆ ಎಂದು ಮಗುವಿಗೆ ತಾನಾಗಿ ಅನ್ನಿಸುವುದು. ಅದರ ಮೇಲೆ ಮಿಕ್ಕದ್ದೆಲ್ಲ ಅಂಟಿಕೊಳ್ಳುತ್ತದೆ.

ಊಟದ ಹೊತ್ತಾಯಿತು. ಲೋಟ ಇಟ್ಟಲ್ಲೇ ಇತ್ತು.

"ಬಿಡದೆ ಕರ್ಕೊಂಡು ಬನ್ನಿ, ಇರೋಷ್ಟು ದಿನ ಪ್ರಯತ್ನ ಮಾಡೋಣ" ಎಂದರು ವಿಮಲಾಬಾಯಿ. ಆಮೇಲೆ ಮೆಲ್ಲಗೆ, "ಸುಗುಣನ್ನ ಕಳಿಸ್ತೀನಿ ಅಂತ ನಾನು ಹೇಳಿದ್ದೆ" ಎಂದರು.

"ಹೇಳಿದ್ರಿ, ಕೂತ್ಕಂಡ್ರಿ" ಎಂದೆ. "ನಮ್ಗೆ ತಿಳೀತಿರ್ಲಿಲ್ಲ. ನಿಮ್ಗೆ ತಿಳ್ದಿತ್ತು. ತಿಳ್ದೋರು ಕೂತ್ಕಬಾರ್ದಿತ್ತು ಅಮ್ಮಾರೆ. ನಿಮ್ ಅಧ್ಯಕ್ಷರ ಮನೆ ಮಗಿಗೆ ನರಸೋಜೀನ ಕೊಟ್ಟಿದ್ರೆ ಕೂತ್ಕತಿದ್ರಾ ನೀವು?"

ಅವರು ಸೆರಗಿನಿಂದ ಮುಖ ಒರೆಸಿಕೊಂಡರು. ಕಣ್ಣಲ್ಲಿ ನೀರು ಬಂದಿತ್ತು. ಅದನ್ನು ಕಟ್ಟಿಕೊಂಡು ನಾನೇನು ಮಾಡಲಿ?

ಇದ್ದ ದಿನಗಳಲ್ಲೆಲ್ಲ ಕರೆದುಕೊಂಡು ಹೋದೆ. ಸುಗುಣ ತನ್ನ ಕೈಲಾದದ್ದನ್ನೆಲ್ಲ ಮಾಡಿದಳು. ಕೆಳಪೇಟೆಯ ಬೇರೆ ತಾಯಂದಿರಿಗೂ ಹೇಳಿದೆ. ಕೆಲವರು ಹೆದರಿ ಮಕ್ಕಳನ್ನು ಬಿಡಿಸಿ ಮನೆಯಲ್ಲಿಟ್ಟುಕೊಂಡರು. ಹೆಚ್ಚಿನವರು, "ನಿನ್ನದು ಯಾವಾಗ್ಲೂ ಇದೇ ಆಯ್ತು ನಿಂಗಾಜಿ, ಇಲ್ದಾಗ ಬೇಕು ಅಂತೀಯ, ಕೊಟ್ರೆ ಬ್ಯಾಡ ಅಂತೀಯ" ಎಂದರು. ಸಿದ್ರಾಜು ತಾನು ನಯ ಮಾಡಿದ ಗೋಡೆಯ ಮುಂದೆ ಹಾದುಹೋಗುವಾಗ ತಲೆ ತಗ್ಗಿಸಿಕೊಂಡು ಹೋಗುತ್ತಿದ್ದ. ಸಂಪಿಗೆ ಐದು ತುಂಬಿತು.

ಪುರಸಭೆಯವರು ಆ ವರ್ಷ ದೊಡ್ಡ ಹಲಗೆ ಬರೆಸಿ ಗಡಿಯಾರದ ಕಂಬಕ್ಕೆ ಕಟ್ಟಿದರು. ಊರಿನಲ್ಲಿ ಶಿಶುವಿಹಾರಕ್ಕೆ ಹೋಗದ ಮಗುವೇ ಇಲ್ಲವಂತೆ. ಹೊರಗಿನ ಊರುಗಳಿಂದ ಜನ ಬಂದು ನೋಡಿ, ಬರೆದುಕೊಂಡು ಹೋದರು. ಬೇಕರಿ ಮಾಲೀಕರು, ಹೊಲಿಗೆ ಅಂಗಡಿಯವರು ಈ ಮಕ್ಕಳು ಯಾವಾಗ ದೊಡ್ಡವಾಗುತ್ತವೋ ಎಂದು ಈಗಲೇ ಕಾಯುತ್ತಿದ್ದಾರೆ.

ನನಗೆ ಕುಂಟೆಬಿಲ್ಲೆ ಬರುತ್ತದೆ. ಯಾರೂ ಕಲಿಸಿದ್ದಲ್ಲ, ಅಜ್ಜಿ ಯಾರ ಜೊತೆಗೋ ಮಾತಿಗೆ ಕೂತಾಗ ಬೀದಿಯಲ್ಲಿ ತಾನಾಗಿ ಬಂದದ್ದು. ಅದನ್ನು ಯಾರೂ ವಿದ್ಯೆ ಎಂದು ಹೇಳದ್ದರಿಂದ ನಾನೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಅದನ್ನಾದರೂ ಇವಳಿಗೆ ಕೊಡೋಣ ಎಂದು ಈಗ ದಿನಾ ಬೆಳಿಗ್ಗೆ ಗಂಟೆ ಬಾರಿಸುವ ಮೊದಲು ಮನೆಯ ಮುಂದೆ ಸೀಮೆಸುಣ್ಣದಲ್ಲಿ ಮನೆಗಳನ್ನು ಬರೆಯುತ್ತೇನೆ. ರಾತ್ರಿ ಹೋಗುತ್ತದೆ ಎಂದು ಗೊತ್ತು. ಆದರೂ ಬರೆಯುತ್ತೇನೆ. ಬಿಲ್ಲೆ ಎಸೆ ಎಂದರೆ ಸಂಪಿ ಎಸೆಯುತ್ತಾಳೆ. ಜಿಗಿ ಎಂದರೆ ಜಿಗಿಯುತ್ತಾಳೆ. ಒಂದು ಮನೆ ಜಿಗಿದು ನಿಂತು ನನ್ನ ಕಡೆ ತಿರುಗುತ್ತಾಳೆ.

ಮೊನ್ನೆ ಅವಳು ಮೂರನೆಯ ಮನೆಯಲ್ಲಿದ್ದಾಗ ಗಂಟೆ ಬಾರಿಸಿತು. ತಡವಾದರೆ ಹೊಲಿಗೆ ತಪ್ಪಿ ಕಕ್ಕಸಿನ ಗುಂಡಿಗೆ ಹಾಕುತ್ತಾರೆ. ಹೊಂಬಾಳಮ್ಮನಿಗೆ ಒಂದು ಮಾತು ಕೂಗಿ ಓಡಿದೆ. ಸಂಜೆ ಬಂದಾಗ ಸಂಪಿ ಮೂರನೆಯ ಮನೆಯಲ್ಲಿ ನಿಂತಿದ್ದಳು. ಕೈಕಟ್ಟಿಕೊಂಡಿದ್ದಳು. ಬಿಸಿಲಿಗೆ ಮುಖ ಕಪ್ಪಿಟ್ಟಿತ್ತು, ಕಾಲು ಊದಿತ್ತು, ಲಂಗ ಒದ್ದೆಯಾಗಿ ಮತ್ತೆ ಒಣಗಿತ್ತು. ಹೊಂಬಾಳಮ್ಮ ಜಗಲಿಯಿಂದಲೇ ಹೇಳಿದಳು.

"ಬಂಗಾರದಂಥ ಮಗಾ ಕಣೆ ನಿಂದು. ಬಿಟ್ಟೋದ ಜಾಗ ಬಿಟ್ಟು ಅಲ್ಲಾಡಿಲ್ಲ. ನೀರು ಕುಡಿ ಅಂದೆ, ಕುಡುದ್ಲು. ಮುದ್ದೆ ಉಣ್ಣು ಅಂದೆ, ನಿಂತ್ಕಂಡೇ ಉಂಡ್ಲು. ಕೂತ್ಕ ಅನ್ನಾದು ನಂಗೆ ಹೊಳೀಲಿಲ್ಲ ನೋಡು."

ನಾನು ಓಡಿ ಹೋಗಿ ಅವಳ ಮುಂದೆ ಕೂತೆ. "ಬಾ" ಎಂದೆ. ಹೆಜ್ಜೆ ಎತ್ತಲು ಹೋದಳು, ಮೊಣಕಾಲು ಮಡಚಲಿಲ್ಲ, ಮುಗ್ಗರಿಸಿ ಬಿದ್ದಳು. ಗಲ್ಲ ಕಲ್ಲಿಗೆ ಬಡಿದು ರಕ್ತ ಬಂತು. ಅವಳು ಬಿದ್ದಲ್ಲಿಂದಲೇ ತಲೆಯೆತ್ತಿ, ತುಟಿ ಬಿಗಿಹಿಡಿದು, ನನ್ನ ಮುಖವನ್ನೇ ನೋಡುತ್ತ ಕಾದಳು.

"ಅಳು ಮಗ" ಎಂದೆ.

ಅತ್ತಳು.